ಸೋದರಮಾವನ ವೀಳ್ಯ

ಮಧುಗಿರಿಯಲ್ಲಿ ಮೋಟಾರು ಇಳಿದಾಗಿನಿಂದ ಅಡವಯ್ಯನಿಗೆ ತನ್ನ ಕೋಟಿನ ಕಂಕುಳದ್ದೇ ಚಿಂತೆ. ಕೊರಟಗೆರೆಯಲ್ಲಿ ಹತ್ತುವಾಗ ಸರಿಯಾಗಿದ್ದ ಹೊಲಿಗೆ, ಪಕ್ಕದಲ್ಲಿ ಯಾರೋ ಒತ್ತರಿಸಿ ಕೂತದ್ದಕ್ಕೆ ಬಿಟ್ಟುಕೊಂಡಿತ್ತು. ಅಕ್ಕನ ಮನೆಯ ಹಿತ್ತಲಲ್ಲಿ ಎಡಗೈ ಎತ್ತದ ಹಾಗೆ ಬಲಗೈಯಿಂದಲೇ ತಂಬಿಗೆ ಬಗ್ಗಿಸಿ ಕಾಲು ತೊಳೆದುಕೊಳ್ಳುತ್ತ, ಇವತ್ತು ಈ ಮನೆಯಲ್ಲಿ ಒಂದು ಮದುವೆ ನಿಲ್ಲಿಸಬೇಕಾದ ಮನುಷ್ಯ ಕಂಕುಳು ಮುಚ್ಚಿಕೊಳ್ಳುವುದಕ್ಕೆ ಇಷ್ಟು ಒದ್ದಾಡುತ್ತಿದ್ದಾನಲ್ಲ ಎಂದು ಅವನಿಗೇ ನಾಚಿಕೆಯಾಯಿತು. ನಡುಮನೆಯಲ್ಲಿ ಜಮಖಾನ ಕೊಡವುವ ಸದ್ದು. ಒಲೆಯ ಮೇಲೆ ಬೇಳೆ ಬೇಯುವ ವಾಸನೆ. ಮಧ್ಯಾಹ್ನದ ಹೊತ್ತಿಗೆ ಗಂಡಿನ ಕಡೆಯವರು ಬಂದು, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಕೊಬ್ಬರಿ ಬಟ್ಟಲು ಇಟ್ಟು ಅವನ ಮುಂದೆ ಹಿಡಿಯುತ್ತಾರೆ. ಅಕ್ಕನ ಮಗಳ ಮೇಲೆ ಮೊದಲ ಹಕ್ಕು ತಮ್ಮನದು. ಅವನು ವೀಳ್ಯ ಎತ್ತಿಕೊಂಡರೆ ಆ ಹಕ್ಕು ಬಿಟ್ಟುಕೊಟ್ಟ ಹಾಗೆ, ಗಂಗಮಾಳಿ ಆ ಮನೆಯವಳಾದ ಹಾಗೆ. ಎತ್ತದೆ ಸುಮ್ಮನೆ ಕೂತುಬಿಟ್ಟರೆ ಹೆತ್ತ ಅಪ್ಪನೂ ಮುಂದುವರಿಯುವ ಹಾಗಿಲ್ಲ, ಮಠದ ಅಯ್ಯನವರೂ ಹರಸುವ ಹಾಗಿಲ್ಲ. ಅಷ್ಟು ದೊಡ್ಡ ಅಧಿಕಾರ ಪ್ರೈಮರಿ ಸ್ಕೂಲಿನ ಈ ಮೇಷ್ಟ್ರ ಕೈಗೆ ಆಯಸ್ಸಿನಲ್ಲೇ ಬಂದಿರಲಿಲ್ಲ.

ಎತ್ತಬಾರದು ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ. ಗಂಡು ಎಂದರೆ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಮರುಳಸಿದ್ದಯ್ಯ. ಆ ಮನುಷ್ಯನ ಒಳಗೆ ಕರುಣೆ ಎನ್ನುವುದು ಇಲ್ಲವೇ ಇಲ್ಲ, ಅದು ಇರಬೇಕಾದ ಜಾಗವೇ ಖಾಲಿ ಎಂದು ಕಂಡವನು ಊರಲ್ಲೆಲ್ಲ ಅಡವಯ್ಯ ಒಬ್ಬನೇ. ಆದರೆ ಇದನ್ನು ಯಾವ ಬಾಯಲ್ಲಿ ಹೇಳುವುದು? ಕುಡಿಯುತ್ತಾನೆ ಎನ್ನೋಣವೆಂದರೆ ಕುಡಿಯುವವನಲ್ಲ. ಇಸ್ಪೀಟಿಲ್ಲ, ಸೂಳೆಗಾರಿಕೆಯಿಲ್ಲ. ದಿನಾ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದವನು. ಮುದುಕಿಯರು ಬಂದರೆ ಅಂಗಡಿಯ ಮೆಟ್ಟಿಲು ಇಳಿದು ಕೈ ಹಿಡಿದು ಹತ್ತಿಸಿಕೊಳ್ಳುವವನು. ಇಂಥವನಿಗೆ ಒಳಗೆ ಏನೂ ಇಲ್ಲ ಎಂದು ಹೇಳಲು ಹೊರಟರೆ, ಹೇಳಿದವನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುತ್ತಾರೆ. ಅಡವಯ್ಯ ತಾನೇ ಎಷ್ಟೋ ಸಲ ಹಾಗೆ ನೋಡಿಕೊಂಡಿದ್ದ. ಜನ ತಲೆಯ ಮೇಲೆ ಹೊತ್ತು ಮೆರೆಸುವವನನ್ನು ಕಂಡರೆ ನನಗೇ ಹೊಟ್ಟೆಯುರಿಯೋ ಏನೋ, ಪಾಠ ಹೇಳಿ ಹೇಳಿ ಎಲ್ಲರಲ್ಲೂ ತಪ್ಪು ಹುಡುಕುವ ಚಾಳಿ ಹತ್ತಿತೋ ಏನೋ ಎಂದು. ಹಾಗೆ ಸಮಾಧಾನ ಹೇಳಿಕೊಂಡಾಗಲೆಲ್ಲ ಹೊಂಗೆಮರದ ಕೆಳಗಿನ ಆ ರೊಟ್ಟಿ ನೆನಪಾಗುತ್ತಿತ್ತು.

ಅದು ಊರಲ್ಲಿ ಇಲಿ ಬಿದ್ದ ವರ್ಷ. ಪ್ಲೇಗಿಗೆ ಹೆದರಿ ಪೇಟೆಗೆ ಪೇಟೆಯೇ ಬಾಗಿಲು ಹಾಕಿಕೊಂಡು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಅಕ್ಕನಿಗೂ ಭಾವನಿಗೂ ಗುಡಿಸಲು ಕಟ್ಟಿಕೊಡಲು ಬಂದ ಅಡವಯ್ಯ, ಶಾಲೆ ಮುಚ್ಚಿದ್ದರಿಂದ ಅಲ್ಲೇ ಉಳಿದಿದ್ದ. ಗಡ್ಡೆ ಎದ್ದವರನ್ನು ದೊಡ್ಡೇರಿ ದಾರಿಯ ಶೆಡ್ಡಿಗೆ ಸಾಗಿಸುತ್ತಿದ್ದರು. ಅಲ್ಲಿಗೆ ಮನೆಯವರನ್ನೂ ಬಿಡುತ್ತಿರಲಿಲ್ಲ. ಪಕ್ಕದ ಗುಡಿಸಲಿನ ಗಾಡಿ ಹೊಡೆಯುವ ಮುದ್ದಣ್ಣನನ್ನು ಒಯ್ದ ಮೇಲೆ ಅವನ ಹೆಂಡತಿ ಪುಟ್ಟಕ್ಕ ಹೊಲದ ಬದುವಿನ ಮೇಲೆ ಕೂತು ದಾರಿ ನೋಡುವುದೇ ಕೆಲಸ ಮಾಡಿಕೊಂಡಿದ್ದಳು. ಜೀವದ ಹಂಗಿಲ್ಲದೆ ಶೆಡ್ಡಿಗೆ ಹೋಗಿ ಬರುತ್ತಿದ್ದವನು ಮರುಳಸಿದ್ದಯ್ಯ ಒಬ್ಬನೇ. ಆ ಕಾಲದಲ್ಲಿ ಹೆದರದವನೇ ದೇವರು. ಬೆಳಿಗ್ಗೆ ಪುಟ್ಟಕ್ಕ ಸುಟ್ಟುಕೊಟ್ಟ ರಾಗಿರೊಟ್ಟಿ ಗಂಟು ಕಟ್ಟಿಕೊಂಡು ಹೋಗುವನು, ಸಂಜೆ ಬಂದು, ‘ಇವತ್ತು ಎದ್ದು ಕೂತಿದ್ದ ಕಣಮ್ಮ. ಎತ್ತಿಗೆ ಮೇವು ಹಾಕಿದ್ಲಾ ಅಂತ ಕೇಳ್ದ’ ಎನ್ನುವನು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುವಳು. ಒಂದು ದಿನ ಅಡವಯ್ಯ ಅದೇ ದಾರಿಯಲ್ಲಿ ಹೋಗುವಾಗ, ಮರುಳಸಿದ್ದಯ್ಯ ಹೊಂಗೆಮರದ ಕೆಳಗೆ ಕೂತು ಆ ಗಂಟು ಬಿಚ್ಚಿ ರೊಟ್ಟಿ ತಿನ್ನುತ್ತಿದ್ದ.

‘ಅದು ಮುದ್ದಣ್ಣಂಗೆ ಕೊಟ್ಟಿದ್ದಲ್ವಾ?’ ಎಂದು ಅಡವಯ್ಯ ಕೇಳಿದ್ದ.

‘ಮುದ್ದಣ್ಣ ಹೋಗಿ ಬಾಳ ದಿನ ಆಯ್ತಲ್ಲ ಮೇಷ್ಟ್ರೆ. ನಾನೇ ಮಣ್ಣು ಎಳೆದು ಬಂದೆ.’

‘ಮತ್ತೆ ದಿನಾ ಆಕೆಗೆ ಅಂಗ್ ಹೇಳ್ತಿದ್ದೀರಲ್ಲ?’

‘ಸತ್ತ ಅಂದ್ರೆ ಅಳ್ತಾಳೆ. ಅದು ಎಲ್ರೂ ನೋಡಿರೋದೇ. ಇಂಗಂದ್ರೆ ಏನ್ ಮಾಡ್ತಾಳೆ ನೋಡಾನ ಅಂತ.’ ಒಂದು ತುಣುಕು ಮುರಿದು ಅವನ ಕಡೆ ಚಾಚಿದ. ‘ತಗಳ್ಳಿ, ಇವತ್ತು ಬೆಳ್ಳುಳ್ಳಿ ಹಾಕವ್ಳೆ.’

ಆ ಮುಖದಲ್ಲಿ ಕ್ರೌರ್ಯವಿತ್ತೇ ಎಂದರೆ ಅದೂ ಇರಲಿಲ್ಲ. ಸಿಟ್ಟು, ದ್ವೇಷ, ಹಳೆಯ ಸೇಡು, ಏನಾದರೂ ಒಂದು ಇದ್ದಿದ್ದರೆ ಮನುಷ್ಯನೇ ಎಂದುಕೊಳ್ಳಬಹುದಿತ್ತು. ಹೊತ್ತು ಹೋಗದವನು ಇರುವೆಯ ದಾರಿಗೆ ಕಡ್ಡಿ ಅಡ್ಡ ಇಟ್ಟು ಕೂತ ಹಾಗೆ ಕೂತಿದ್ದ, ಅಷ್ಟೆ. ಕೊನೆಗೆ ಒಂದು ಸಂಜೆ ತನಗೆ ಬೇಸರ ಬಂದಾಗ, ಹತ್ತು ಜನರ ಮುಂದೆ ಪುಟ್ಟಕ್ಕನ ಕಾಲಿಗೆ ಬಿದ್ದು, ನಿನ್ನ ಎದೆ ಒಡೆಯಬಾರದೆಂದು ಇಷ್ಟು ದಿನ ಸುಳ್ಳು ಹೇಳಿದೆ ತಾಯಿ ಎಂದು ಅತ್ತ. ನೆರೆದವರೆಲ್ಲ ಅತ್ತರು. ಪುಟ್ಟಕ್ಕ ಕೆಳದುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಕತ್ತನ್ನು ಒಂದು ಕಡೆಗೆ ವಾಲಿಸಿ, ಸದ್ದಿಲ್ಲದೆ ನಿಂತಿದ್ದಳು. ಅಳುತ್ತಿದ್ದವನ ಕಣ್ಣು ಮಾತ್ರ ಕೈಬೆರಳ ಸಂದಿನಿಂದ ಅವಳನ್ನೇ ನೋಡುತ್ತಿತ್ತು. ಮುಂದಿನ ವಾರ ಇನ್ನೊಂದು ಸಾವಾಯಿತು. ಅಲ್ಲಿಗೆ ಬಂದ ಮರುಳಸಿದ್ದಯ್ಯ ಕೆಳದುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಕತ್ತು ವಾಲಿಸಿ ನಿಂತ. ಎಲ್ಲಿಂದ ಕಲಿತ ಎಂದು ಅಡವಯ್ಯನಿಗೆ ತಟ್ಟನೆ ಹೊಳೆಯಿತು. ಅವತ್ತಿನಿಂದ ಅವನು ನಕ್ಕರೂ, ಮರುಗಿದರೂ, ಇದು ಯಾರ ಮುಖ, ಯಾವ ಮನೆಯಿಂದ ತಂದದ್ದು ಎಂದು ಹುಡುಕುವುದು ಅಡವಯ್ಯನಿಗೆ ರೋಗವೇ ಆಗಿಬಿಟ್ಟಿತು.

ಗಂಡಿನ ಕಡೆಯವರು ಹೊತ್ತಿಗೆ ಮುಂಚೆಯೇ ಬಂದರು. ಮರುಳಸಿದ್ದಯ್ಯ ಹೊಸಿಲು ದಾಟುವಾಗಲೇ ಭಾವ ಮಲ್ಲಿಕಾರ್ಜುನಯ್ಯನವರ ಮಂಡಿನೋವು ವಿಚಾರಿಸಿದ, ಪಾವಗಡದ ಕಡೆಯಿಂದ ತರಿಸಿದ ಎಣ್ಣೆಯ ಸೀಸೆ ತೆಗೆದು ಅವರ ಕೈಗಿಟ್ಟ. ಮಾತೇ ಆಡದ ಭಾವ ಅವನ ಹೆಗಲು ತಟ್ಟಿದರು. ಮೂಲೆಯಲ್ಲಿ ಕೂತಿದ್ದ ಅಡವಯ್ಯ ನೋಡುತ್ತಲೇ ಇದ್ದ. ಭಾವ ಅತ್ತ ತಿರುಗಿದರು. ಮರುಳಸಿದ್ದಯ್ಯನ ನಗು ಎಲ್ಲರ ನಗುವಿನ ಹಾಗೆ ನಿಧಾನಕ್ಕೆ ಇಳಿಯಲಿಲ್ಲ. ಅಂಗಡಿಯವನು ಗಿರಾಕಿ ಹೋದ ಮೇಲೆ ಬಟ್ಟೆ ಮಡಿಸಿ ಮೇಲಿಟ್ಟ ಹಾಗೆ ನಿಂತುಹೋಯಿತು. ಆ ಖಾಲಿ ಕಣ್ಣು ಗೋಡೆಯ ಮೇಲಿನ ಮಹಾರಾಜರ ಪಟದಿಂದ ಮೂಲೆಗೆ ಬಂದು ಅಡವಯ್ಯನ ಮೇಲೆ ನಿಂತಿತು. ನಗು ಮತ್ತೆ ಬಂತು. ‘ಶರಣು ಮೇಷ್ಟ್ರೆ’ ಎಂದ. ಅಡವಯ್ಯ ಕೈ ಮುಗಿಯಲು ಹೋಗಿ, ಕಂಕುಳು ನೆನಪಾಗಿ, ಅರ್ಧಕ್ಕೇ ಇಳಿಸಿದ. ಎದ್ದು ಅಡಿಗೆಮನೆಗೆ ನಡೆದ.

ಅಕ್ಕ ಬಸವಮ್ಮ ಹೂರಣದ ಉಂಡೆ ಕಟ್ಟುತ್ತಿದ್ದಳು. ‘ಯಾಕಪ್ಪ, ಮುಖ ಹಿಂಗ್ ಹುಳ್ಳಗೆ ಮಾಡ್ಕಂಡಿದೀಯ? ಮೋಟಾರ್ನಾಗೆ ವಾಂತಿ ಗೀಂತಿ ಆಯ್ತಾ?’

‘ಅಕ್ಕ, ಈ ಸಂಬಂಧ ಬ್ಯಾಡ ಕಣಕ್ಕ.’

ಉಂಡೆ ಕಟ್ಟುತ್ತಿದ್ದ ಕೈ ನಿಂತಿತು. ‘ಏನ್ ಮಾಡಿದ್ರು ಅವ್ರು?’

ಅವನು ಪುಟ್ಟಕ್ಕನ ಕತೆ ಹೇಳಿದ. ಇಷ್ಟು ವರ್ಷ ಎದೆಯಲ್ಲಿ ಕಲ್ಲಿನ ಹಾಗೆ ಕೂತಿದ್ದ ಸಂಗತಿ, ಹೂರಣದ ವಾಸನೆಯ ಆ ಅಡಿಗೆಮನೆಯಲ್ಲಿ ಬಾಯಿಗೆ ಬಂದು ಎರಡು ರೊಟ್ಟಿಯ ಜಗಳದಷ್ಟು ಸಣ್ಣದಾಯಿತು. ಹೇಳುತ್ತ ಹೇಳುತ್ತ ಅವನ ಧ್ವನಿಯೇ ಚಾಡಿಕೋರನ ಧ್ವನಿಯಾಯಿತು.

‘ಅದಾ? ಅದು ಊರ್ಗೇ ಗೊತ್ತಿರೋದು. ಪುಟ್ಟಕ್ಕ ಇವತ್ಗೂ ಅವ್ರ ಹೆಸರು ಹೇಳಿ ದೀಪ ಹಚ್ತಾಳೆ. ರೊಟ್ಟಿ ತಿಂದ್ರು ಅಂತ ಹೆಣ್ಣು ಕೊಡಬಾರ್ದಾ?’

‘ಏನ್ ಮಾಡ್ತಾಳೆ ನೋಡಾನ ಅಂತ ಹೇಳ್ದೆ ಅಂದ ಕಣಕ್ಕ, ನನ್ ಹತ್ರ.’

‘ನಿನ್ ಹತ್ರ ಮಾತ್ರ ಅಂದ್ರಾ?’ ಬಸವಮ್ಮ ಕೈ ಒರೆಸಿಕೊಂಡು ಬಾಗಿಲನ್ನು ಅರ್ಧ ಮುಚ್ಚಿ ಬಂದಳು. ಧ್ವನಿ ತಗ್ಗಿಸಿದಳು. ಆ ತಗ್ಗಿದ ಧ್ವನಿಯಲ್ಲಿ ಮರುಕವಿತ್ತು. ‘ಒಡಹುಟ್ಟಿದೋಳ ಹತ್ರ ಮುಚ್ಚುಮರೆ ಯಾಕಪ್ಪ? ನಿಂಗೇ ಗಂಗಿ ಬೇಕಿತ್ತಾ?’

‘ಅಂಗಲ್ಲಕ್ಕ...’

‘ಅವ್ರು ಮೊದ್ಲೇ ಹೇಳಿದ್ರು. ಹೋದ ಸೋಮವಾರ ಬಂದು ನಿಮ್ ಭಾವನ ಹತ್ರ ಕೂತ್ಕಂಡು, ಮೇಷ್ಟ್ರಿಗೆ ಒಳಗೇ ಮನಸೈತೆ, ನನ್ ಮ್ಯಾಲೆ ಏನಾರ ಹೇಳಿದ್ರೂ ನೀವು ಬೇಜಾರ್ ಮಾಡ್ಕಬ್ಯಾಡಿ, ಹೆಂಡ್ತಿ ಕಳ್ಕಂಡೋರು ಪಾಪ, ಅವ್ರು ಬಾಯ್ಬುಟ್ಟು ಕೇಳಿದ್ರೆ ನಾನೇ ಹಿಂದಕ್ಕೆ ಸರೀತೀನಿ ಅಂದ್ರು. ಎಂಥ ದೊಡ್ಡ ಮನಸು ನೋಡು. ರುದ್ರಿ ತೀರ್ಕಂಡಾಗ ನಾವೇ ಕೇಳಿದ್ವಲ್ಲ, ಗಂಗೀನ ಮಾಡ್ಕೊ ಅಂತ. ಆಗ ಬ್ಯಾಡ ಅಂದೆ. ಈಗ ವೀಳ್ಯದ ದಿನ ಬಂದು ಇನ್ನೊಬ್ರಿಗೆ ಮಸಿ ಬಳೀತೀಯಲ್ಲಪ್ಪ.’ ಅವಳ ಕಣ್ಣು ಅವನ ಕಂಕುಳಿನ ಮೇಲೆ ಬಿತ್ತು. ‘ಕೋಟು ಬಿಚ್ಚು. ಎರಡು ಹೊಲಿಗೆ ಹಾಕ್ಕೊಡ್ತೀನಿ. ನೋಡ್ದೋರು ಏನಂದಾರು.’

ಅಡವಯ್ಯ ಕೋಟು ಬಿಚ್ಚಿಕೊಟ್ಟ. ಬರೀ ಅಂಗಿಯಲ್ಲಿ ಅಕ್ಕನ ಮುಂದೆ ನಿಂತಾಗ ಅವನಿಗೆ ತನ್ನ ಮೇಲೇ ಅನುಮಾನ ಹುಟ್ಟಿತು. ಹೆಂಡತಿ ರುದ್ರಮ್ಮ ಸತ್ತು ವರ್ಷಗಳೇ ಆಗಿದ್ದವು. ಹೋದ ಯುಗಾದಿಗೆ ಬಂದಾಗ ಗಂಗಮಾಳಿ ತುಪ್ಪ ಬಡಿಸುತ್ತ, ‘ಸಾಕಾ ಮಾವ?’ ಎಂದು ಕೇಳಿದ್ದಳು. ಆ ಧ್ವನಿಯನ್ನು ಕೊರಟಗೆರೆಯ ಒಂಟಿ ಕೋಣೆಯಲ್ಲಿ ಅವನು ಎರಡು ಮೂರು ಸಲ ನೆನೆಸಿಕೊಂಡಿದ್ದ. ಇಪ್ಪತ್ತು ದಾಟಿದ ಹುಡುಗಿ, ಹಕ್ಕಿನ ಹುಡುಗಿ. ನೆನೆಸಿಕೊಂಡಿದ್ದರಲ್ಲಿ ಏನಿತ್ತು, ಏನಿರಲಿಲ್ಲ ಎಂದು ಅವನು ಕೆದಕಿ ನೋಡಿರಲಿಲ್ಲ. ಈಗ ಅಕ್ಕ ಕೆದಕಿದಳು. ಅಕ್ಕನಿಗಿಂತ ಮೊದಲು ಮರುಳಸಿದ್ದಯ್ಯ ಕೆದಕಿದ್ದ. ಅದನ್ನು ಎಲ್ಲಿ ಕಂಡ ಅವನು, ಎಂದು ಕಂಡ? ಕರುಣೆಯಿಲ್ಲದ ಆ ಕಣ್ಣಿಗೆ ಕಂಡವರ ಹುಣ್ಣು ಮಾತ್ರ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಅಡವಯ್ಯನಿಗೆ ಮೈ ಬೆವರಿತು.

ಹೊಲಿದ ಕೋಟು ಹಾಕಿಕೊಂಡು ಮತ್ತೆ ಹಿತ್ತಲಿಗೆ ಬಂದ. ಕೊಟ್ಟಿಗೆಯ ಗೋಡೆಗೆ ಒರಗಿ ಗಂಗಮಾಳಿ ನಿಂತಿದ್ದಳು. ಹೊಸ ಸೀರೆ, ತಲೆ ತುಂಬ ಮಲ್ಲಿಗೆ, ಹಣೆಯ ವಿಭೂತಿ ಇನ್ನೂ ಹಸಿ. ಅವನಿಗಾಗಿಯೇ ಕಾದಿದ್ದಳೆಂದು ಕಂಡಿತು. ಅವಳು ಸುತ್ತಿ ಬಳಸಿ ಮಾತಾಡಲಿಲ್ಲ.

‘ಅವ್ವನ ಹತ್ರ ನೀವು ಹೇಳಿದ್ದು ಕೇಳಿಸ್ಕಂಡೆ ಮಾವ. ನಂಗೂ ಗೊತ್ತು.’

‘ಏನು ಗೊತ್ತು?’

‘ಹೆಂಗ್ ಹೇಳ್ಲಿ. ಆವತ್ತು ಅವ್ರು ಬಂದಿದ್ದಾಗ ಕಾಸಿದ ಹಾಲು ನನ್ನ ಕಾಲ್ ಮ್ಯಾಲೆ ಚೆಲ್ತು. ಅವ್ವ ಬಾವಿ ಹತ್ರ ಇತ್ತು. ಇವ್ರು ಬಾಗ್ಲಲ್ಲೇ ನಿಂತಿದ್ರು. ನಾನು ಕುಣೀತಿದ್ರೆ ಸುಮ್ನೆ ನೋಡ್ತಾ ನಿಂತಿದ್ರು ಮಾವ. ನನ್ನ ಕಾಲು ನೋಡೋರು, ಮುಖ ನೋಡೋರು, ಮತ್ತೆ ಕಾಲು ನೋಡೋರು. ಅವ್ವ ಬರೋ ಸದ್ದಾದ್ಮೇಲೆ ಅಯ್ಯಯ್ಯೋ ಅಂತ ಓಡ್ಬಂದು ನೀರ್ ಹುಯ್ದ್ರು.’ ಅವಳು ಸೀರೆಯ ನೆರಿಗೆಯನ್ನು ತುಸು ಎತ್ತಿದಳು. ಪಾದದ ಮೇಲೆ ಬೆಳ್ಳಗೆ ಕಲೆ. ‘ಅವ್ವಂಗೆ ಹೇಳ್ದೆ. ಗಾಬರೀಲಿ ಕೈಕಾಲು ಆಡಿರಕಿಲ್ಲ ಬುಡು ಅಂತು. ಗಾಬರಿ ಇರ್ಲಿಲ್ಲ ಮಾವ ಆ ಮುಖದಾಗೆ. ಏನೂ ಇರ್ಲಿಲ್ಲ.’

ಅಡವಯ್ಯನಿಗೆ ಅಳು ಬಂದ ಹಾಗಾಯಿತು. ದುಃಖಕ್ಕಲ್ಲ, ನೆಮ್ಮದಿಗೆ. ತನಗೆ ಹುಚ್ಚು ಹಿಡಿದಿಲ್ಲ, ತಾನು ಕಂಡದ್ದನ್ನೇ ಇನ್ನೊಂದು ಜೀವವೂ ಕಂಡಿದೆ ಎಂಬ ನೆಮ್ಮದಿ. ಆ ನೆಮ್ಮದಿಯನ್ನು ಅನುಭವಿಸುತ್ತಲೇ, ಈ ಜೀವವೇ ನಾಳೆ ಆ ಮುಖದ ಮುಂದೆ ದಿನಾ ಉಣ್ಣಬೇಕು, ಮಲಗಬೇಕು, ಹೆರಬೇಕು ಎಂಬುದು ಒಂದು ಗಳಿಗೆ ತಡವಾಗಿ ನೆನಪಿಗೆ ಬಂತು. ತಡವಾಗಿ ಬಂದದ್ದಕ್ಕೆ ಮತ್ತೆ ಹೇಸಿಗೆಯಾಯಿತು.

‘ನೀವು ವೀಳ್ಯ ತಗಬ್ಯಾಡಿ. ಹಕ್ಕು ನಂದು, ಗಂಗೀನ ನಂಗೇ ಕೊಡಿ ಅಂತ ಕೇಳ್ಬುಡಿ. ಅಂಗ್ ಕೇಳಿದ್ರೆ ಅಪ್ಪಾಜಿ ಇಲ್ಲ ಅನ್ನಂಗಿಲ್ಲ. ಆಮ್ಯಾಕೆ ನನ್ನ ಮದ್ವೆ ಆಗಿ, ಬುಡಿ, ನಾನು ಏನೂ ಕೇಳಕಿಲ್ಲ. ಅಕ್ಕನ ಮಗಳು ಅಂತ ಒಂದು ಮೂಲೇಲಿ ಇಟ್ಕಳಿ, ಸಾಕು.’

‘ಜನ ಏನಂತಾರಮ್ಮ,’ ಎಂದ ಅಡವಯ್ಯ. ಎಂದ ಮೇಲೆ ತಾನೇ ಕೇಳಿಸಿಕೊಂಡ. ‘ಅಂಗಲ್ಲ. ಅಲ್ಲಿ ಎಲ್ರೂ... ನಿಮ್ಮಪ್ಪಾಜಿ ಮುಂದೆ... ಅವನು ಮೊದ್ಲೇ ಹೇಳ್ಬುಟ್ಟವ್ನೆ, ನಾನು ಕೇಳ್ತೀನಿ ಅಂತ. ಕೇಳಿದ್ರೆ ಅವನು ಹೇಳಿದ್ದೇ ನಿಜ ಆಗುತ್ತೆ.’

‘ಆಗ್ಲಿ ಬುಡಿ ಮಾವ. ಆದ್ರೇನು?’

ಆದರೇನು? ಹೆಂಡತಿ ಸತ್ತವನು ಅಕ್ಕನ ಮಗಳಿಗೆ ಬಾಯಿಬಿಟ್ಟ ಎಂದು ನಾಲ್ಕು ಜನ ನಗುತ್ತಾರೆ, ಮಧುಗಿರಿಯಿಂದ ಸಿರಾದವರೆಗೆ ನೆಂಟರ ಮನೆಗಳಲ್ಲಿ ಆರು ತಿಂಗಳು ಆಡಿಕೊಳ್ಳುತ್ತಾರೆ, ಅಷ್ಟೆ ತಾನೆ? ಒಬ್ಬ ಹೆಣ್ಣುಮಗಳ ಬದುಕಿಗೆ ಅದು ಯಾವ ಲೆಕ್ಕ ಎಂದು ಅವನ ಬುದ್ಧಿ ನೆಟ್ಟಗೆ ಹೇಳಿತು. ಮೈ ಒಪ್ಪಲಿಲ್ಲ. ‘ನೋಡಾನ, ಏನೋ ಮಾಡ್ತೀನಿ’ ಎಂದ. ಗಂಗಮಾಳಿ ಅವನ ಮುಖವನ್ನು ಇನ್ನಷ್ಟು ಹೊತ್ತು ನೋಡಿ, ಒಳಗಿನಿಂದ ಯಾರೋ ಕರೆದದ್ದಕ್ಕೆ ಹೋದಳು.

ನಡುಮನೆ ತುಂಬಿತ್ತು. ಮಠದ ಅಯ್ಯನವರು ಮೊದಲ ವೀಳ್ಯ ತೆಗೆದುಕೊಂಡಾಯಿತು. ಎರಡನೆಯ ತಟ್ಟೆ ಅಡವಯ್ಯನ ಮುಂದೆ ಬಂತು. ಹಿಡಿದವನು ಗಂಡಿನ ಚಿಕ್ಕಪ್ಪ, ಪಾವಗಡದ ಬಸವಲಿಂಗಯ್ಯ, ಹೊಟ್ಟೆಯ ತುಂಬ ನಗುವ ಮನುಷ್ಯ. ಎಲೆಗಳ ತೊಟ್ಟುಗಳೆಲ್ಲ ಒಂದೇ ಕಡೆಗೆ ಇದ್ದವು. ಅಡವಯ್ಯನ ಕೈಗಳು ತೊಡೆಯ ಮೇಲೇ ಇದ್ದವು, ಹಾಗೇ ಇದ್ದವು. ಮಾತು ನಿಂತಿತು. ಭಾವ ಗಂಟಲು ಸರಿಮಾಡಿಕೊಂಡರು. ಇಷ್ಟೇ, ಹೀಗೆ ಕೂತರೆ ಸಾಕು, ಬಾಯಿ ಬಿಡುವುದೂ ಬೇಡ ಎಂದು ಅವನಿಗೆ ಅನ್ನಿಸಿತು. ಬಾಗಿಲ ಮರೆಯಲ್ಲಿ ಹೊಸ ಸೀರೆಯ ಅಂಚು ಕಾಣುತ್ತಿತ್ತು. ಒಳಗೆ ಎಲ್ಲೋ ಒಂದು ಕಡೆ ಅವನಿಗೆ ಹಗುರವಾಗತೊಡಗಿತು.

ಆಗ ಮರುಳಸಿದ್ದಯ್ಯ ಕೂತಲ್ಲಿಂದಲೇ ಮುಂದಕ್ಕೆ ಬಾಗಿದ. ಕಣ್ಣು ತೇವವಾಗಿತ್ತು, ಧ್ವನಿ ಮೆತ್ತಗಿತ್ತು. ‘ಮೇಷ್ಟ್ರೆ, ನಾನು ತಪ್ಪು ತಿಳ್ಕಳಲ್ಲ. ಮನಸ್ನಾಗೆ ಏನಾದ್ರೂ ಇದ್ರೆ ಈಗ್ಲೇ ಹೇಳ್ಬುಡಿ. ನಿಮ್ದಾದ್ಮೇಲೆ ನಮ್ದು.’

‘ಏಮಿ ಮೇಷ್ಟ್ರೆ,’ ಎಂದ ಬಸವಲಿಂಗಯ್ಯ, ತಟ್ಟೆ ಅಲುಗಿಸುತ್ತ, ತನ್ನ ಕಡೆಯ ತೆಲುಗು ಬೆರೆಸಿ, ‘ಈ ವಯಸ್ಸಲ್ಲಿ ಪೆಳ್ಳಿಕೊಡುಕು ಆಗೋ ಆಸೆ ವಚ್ಚಿಂದಾ ಏನು?’

ಮದುವಣಿಗನಾಗುವ ಆಸೆ ಎಂದ ಕೂಡಲೇ ನಡುಮನೆಗೆ ನಡುಮನೆಯೇ ಗೊಳ್ಳೆಂದಿತು. ಹೆಂಗಸರ ಕಡೆಯಿಂದಲೂ ಕಿಸಕ್ಕೆಂದ ಸದ್ದು. ಅಯ್ಯನವರೂ ಗಡ್ಡದಲ್ಲೇ ನಕ್ಕರು. ಭಾವ ಒಬ್ಬರು ನಗದೆ ತಲೆ ತಗ್ಗಿಸಿದ್ದರು, ಅದು ನಗುವಿಗಿಂತ ಹೆಚ್ಚಾಗಿ ಚುಚ್ಚಿತು. ಅಡವಯ್ಯನ ಕಿವಿ ಬಿಸಿಯಾಯಿತು. ಹೇಳು, ಹೌದು ಎನ್ನು, ಹೌದು ನನಗೇ ಬೇಕು ಎನ್ನು ಎಂದು ಯಾವುದೋ ಒಂದು ಧ್ವನಿ ಕೂಗುತ್ತಿತ್ತು. ಅಷ್ಟರಲ್ಲಿ ಅವನಿಗೆ ತಾನೂ ನಗುತ್ತಿರುವುದು ಗೊತ್ತಾಯಿತು. ತುಟಿ ಅಗಲವಾಗಿ, ಹಲ್ಲು ಗಿಂಜುತ್ತ, ಛೆ ಛೆ ಎಲ್ಲಾದರೂ ಉಂಟೆ ಎನ್ನುವ ಹಾಗೆ ತಲೆಯಾಡಿಸುತ್ತ ಎಲ್ಲರ ಜೊತೆ ನಗುತ್ತಿದ್ದ. ನಗುತ್ತಲೇ ಎರಡೂ ಕೈ ಚಾಚಿ ವೀಳ್ಯ ಎತ್ತಿ ಕಣ್ಣಿಗೊತ್ತಿಕೊಂಡ. ಯಾರೋ ‘ಹರಹರ ಮಹಾದೇವ’ ಎಂದರು. ಬಾಗಿಲ ಮರೆಯ ಸೀರೆಯಂಚು ಅಲ್ಲಿರಲಿಲ್ಲ.

ನೀರು ಕುಡಿಯಲು ಹಿತ್ತಲಿಗೆ ಬಂದವನ ಹಿಂದೆಯೇ ಮರುಳಸಿದ್ದಯ್ಯ ಬಂದ. ತಾನೇ ತಂಬಿಗೆ ತುಂಬಿ ಅಡವಯ್ಯನ ಬೊಗಸೆಗೆ ನೀರು ಬಗ್ಗಿಸಿದ. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಅವನ ಮುಖದಲ್ಲೂ ಏನೂ ಇರಲಿಲ್ಲ.

‘ನೀವು ಅಡ್ಡ ಬರ್ತೀರಿ ಅಂದ್ಕಂಡಿದ್ದೆ ಮಾವ,’ ಎಂದ. ಮೇಷ್ಟ್ರು ಮಾವನಾಗಿದ್ದ.

ಅಡವಯ್ಯ ನೀರು ಕುಡಿಯುವುದನ್ನು ನಿಲ್ಲಿಸಿದ. ‘ಬಂದಿದ್ರೆ?’

‘ಬಂದಿದ್ರೆ ಬುಟ್ಬುಡ್ತಿದ್ದೆ.’

‘ಬುಟ್ಬುಡ್ತಿದ್ರಾ?’

‘ಊಂ. ನಂಗೇನು? ಕೊರಟಗೆರೇಲೊಂದು ಹೆಣ್ಣೈತಂತೆ, ಗೌಡಗೆರೇಲೊಂದು ಐತಂತೆ.’ ಅವನು ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಅಡವಯ್ಯನ ಮುಖವನ್ನು ನೋಡುತ್ತಿದ್ದ. ಕಣ್ಣು, ತುಟಿ, ಮತ್ತೆ ಕಣ್ಣು. ‘ನೀವು ಏನ್ ಮಾಡ್ತೀರಿ ನೋಡಾನ ಅಂತಿದ್ದೆ, ಅಷ್ಟೆ.’ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದ. ಹೊಸಿಲ ಹತ್ತಿರ ಅವನ ಬೆನ್ನು ತುಸು ಬಾಗಿ, ನಡಿಗೆಗೆ ಅಳಿಯನ ಸಂಕೋಚ ಬಂತು.

‘ಅಡವಯ್ಯ, ಎಲ್ಲೋದ್ಯಪ್ಪ? ಬಾ, ಗಂಗಿ ನಿನ್ ಕಾಲಿಗ್ ಬೀಳ್ಬೇಕಂತೆ’ ಎಂದು ಅಕ್ಕ ಕರೆದಳು. ಅಕ್ಕನ ಧ್ವನಿಯಲ್ಲಿ ಪ್ರೀತಿ ತುಂಬಿತ್ತು, ತಮ್ಮ ಮಾನ ಉಳಿಸಿದನೆಂಬ ಪ್ರೀತಿ. ಅವನು ಒಳಗೆ ಹೋಗಿ ಜಮಖಾನದ ಮೇಲೆ ಕಾಲು ಜೋಡಿಸಿ ನಿಂತ. ಗಂಗಮಾಳಿ ಬಂದು ಬಗ್ಗಿದಳು. ಮುಖ ಎತ್ತಿ ನೋಡಲಿಲ್ಲ. ಅವಳ ಹಣೆ ಅವನ ಪಾದಕ್ಕೆ ತಗುಲಿತು. ಹಣೆ ಸುಡುತ್ತಿತ್ತು. ಎಲ್ಲರೂ ಅವನ ಬಾಯಿ ನೋಡುತ್ತ ನಿಂತಿದ್ದರು. ಬೆಳಿಗ್ಗೆಯಿಂದ ಒಂದು ಮಾತಿಗೂ ಸರಿಯಾಗಿ ಹೊರಳದಿದ್ದ ನಾಲಿಗೆ ಈಗ ಎಲ್ಲಿಯೂ ತೊಡರಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು, ‘ಗಂಡನ ಮನೇಲಿ ಸುಖವಾಗಿರಮ್ಮ’ ಎಂದ.